ಚಾವಡಿಯಿಂದ ಅಡುಗೆಮನೆಗೆ ಹತ್ತು ಹೆಜ್ಜೆ

ಮನೆಗೆ ಬಂದ ಅತಿಥಿಯನ್ನು ಚಾವಡಿಯಲ್ಲಿ ಕುಳ್ಳಿರಿಸಿ ಸತ್ಕರಿಸುವುದು ನಮ್ಮ ಹಿರಿಯರಿಂದ ಬಂದ ಕ್ರಮ. ಆ ಅತಿಥಿ ಎಂದಾದರೊಂದು ದಿನ ತಾನಾಗಿ ಅಡುಗೆಮನೆಗೆ ಬಂದು, ಒಲೆಯ ಪಕ್ಕದಲ್ಲಿ ಮಣೆ ಎಳೆದು ಕುಳಿತನೆಂದರೆ, ಅಂದಿನಿಂದ ಆತ ಮನೆಯವನೇ ಆದನೆಂದು ತಿಳಿಯಬೇಕು. ಚಾವಡಿಗೂ ಅಡುಗೆಮನೆಗೂ ನಡುವಿನ ಅಂತರ ಹತ್ತು ಹೆಜ್ಜೆ. ಸೇವೆಗೆಂದು ಪರದೇಶಕ್ಕೆ ತೆರಳಿ, ಗುರುತು ಪರಿಚಯವಿಲ್ಲದ ಕುಟುಂಬವೊಂದರ ಆಶ್ರಯದಲ್ಲಿ ಇರುವ ಯುವಕ ಯುವತಿಯರಿಗೆ ಈ ಹತ್ತು ಹೆಜ್ಜೆಗಳನ್ನು ಕ್ರಮಿಸಲು ತಿಂಗಳುಗಳೇ ಬೇಕಾಗುತ್ತವೆ. ಈ ವಾರ ನಾವು ಅಂತಹದೊಂದು ಪಯಣವನ್ನು ಓದುಗರ ಮುಂದಿಡಬಯಸುತ್ತೇವೆ. ಅದು ನಡೆದದ್ದು ಪೂರ್ವ ತಿಮೋರ್ ದೇಶದಲ್ಲಿ.

ಏಷ್ಯಾ ಖಂಡದಲ್ಲಿ ಕಥೋಲಿಕರೇ ಬಹುಸಂಖ್ಯಾತರಾಗಿರುವ ದೇಶಗಳು ಎರಡೇ ಎರಡು: ಒಂದು ಫಿಲಿಪ್ಪೀನ್ಸ್, ಇನ್ನೊಂದು ಪೂರ್ವ ತಿಮೋರ್. ಸುಮಾರು 13 ಲಕ್ಷ ಜನಸಂಖ್ಯೆಯ ಈ ಪುಟ್ಟ ರಾಷ್ಟ್ರದಲ್ಲಿ ನೂರಕ್ಕೆ 97 ಮಂದಿ ಕಥೋಲಿಕರು. 1975ರ ಡಿಸೆಂಬರಿನಲ್ಲಿ ಇಂಡೋನೇಷ್ಯಾದ ಸೇನೆ ನುಗ್ಗಿದಾಗ ಅಲ್ಲಿನ ಕಥೋಲಿಕರ ಪ್ರಮಾಣ ಇದರ ಅರ್ಧದಷ್ಟೂ ಇರಲಿಲ್ಲ. ಮುಂದಿನ 24 ವರ್ಷಗಳ ಸಂಕಟದಲ್ಲಿ ಜನರು ಧರ್ಮಸಭೆಯ ಆಶ್ರಯಕ್ಕೆ ಬಂದರು. ಧರ್ಮಸಭೆಯೂ ಅವರದೇ ತೆತುಮ್ ಭಾಷೆಯಲ್ಲಿ ಪೂಜೆ ಪ್ರಾರ್ಥನೆಗಳನ್ನು ನಡೆಸಿ ಅವರ ಬೆನ್ನಿಗೆ ನಿಂತಿತು. 1999ರ ಜನಮತಗಣನೆಯ ತರುವಾಯ 2002ರ ಮೇ 20ರಂದು ದೇಶ ಸ್ವತಂತ್ರವಾಯಿತು. 2024ರ ಸೆಪ್ಟೆಂಬರಿನಲ್ಲಿ ಪೋಪ್ ಫ್ರಾನ್ಸಿಸರು ರಾಜಧಾನಿ ದಿಲಿಯ ಬಳಿ ಅರ್ಪಿಸಿದ ಬಲಿಪೂಜೆಗೆ ಸುಮಾರು ಆರು ಲಕ್ಷ ಜನ ಸೇರಿದ್ದನ್ನು ಓದುಗರು ಮರೆತಿರಲಾರರು.

ಕರಾವಳಿಯವರಾದ ನಮಗೆ ಈ ದೇಶ ಅಷ್ಟೇನೂ ದೂರದ್ದಲ್ಲ. 1844ರವರೆಗೆ ತಿಮೋರಿನ ಆಡಳಿತ ನಡೆದದ್ದು ಗೋವೆಯ ಅಧೀನದಲ್ಲಿ. ಪೋರ್ಚುಗೀಸರು ಬಿಟ್ಟುಹೋದ ಮಾತುಗಳು ಅಲ್ಲಿಯೂ ಉಳಿದಿವೆ. ನಮ್ಮ ಇಗರ್ಜಿ, ಪಾದ್ರಿ, ಜನೇಲು, ಚಾವಿಗಳನ್ನು ತಿಮೋರಿನ ಅಜ್ಜಿಯೊಬ್ಬಳು ಕೇಳಿದರೆ ಅರ್ಥಕ್ಕಾಗಿ ತಡಕಾಡಬೇಕಿಲ್ಲ.

ಇಂತಹ ನಾಡಿಗೆ ಅಮೆರಿಕದ ತರುಣ ತರುಣಿಯರು ‘ಪೀಸ್ ಕೋರ್’ ಎಂಬ ಶಾಂತಿದಳದ ಸ್ವಯಂಸೇವಕರಾಗಿ ಹೋದರು. ಅಮೆರಿಕದ ಮೊದಲ ಕಥೋಲಿಕ ಅಧ್ಯಕ್ಷ ಜಾನ್ ಕೆನಡಿಯವರು 1961ರಲ್ಲಿ ಆರಂಭಿಸಿದ ಈ ದಳ ಧಾರ್ಮಿಕ ಸಂಸ್ಥೆಯಲ್ಲ, ಸರಕಾರದ್ದು. ಅರುವತ್ತರ ದಶಕದಲ್ಲಿ ಇದರ ಸ್ವಯಂಸೇವಕರು ನಮ್ಮ ಮೈಸೂರು ರಾಜ್ಯಕ್ಕೂ ಬಂದಿದ್ದರು. ತಿಮೋರಿಗೆ 2002ರಲ್ಲಿ ಮೊದಲು ಹೋದ ದಳವು 2006ರ ಗಲಭೆಯಲ್ಲಿ ಹಿಂದೆಗೆದು, 2015ರಲ್ಲಿ ಮರಳಿತು. ಇಂಗ್ಲಿಷ್ ಕಲಿಸುವುದು, ಸಣ್ಣ ಉದ್ಯೋಗಗಳಿಗೆ ನೆರವಾಗುವುದು ಅವರ ಕೆಲಸ. ಆದರೆ ವಾಸಕ್ಕೆ ಪ್ರತ್ಯೇಕ ಬಂಗಲೆಯಿಲ್ಲ. ತರಬೇತಿಯ ತಿಂಗಳುಗಳಲ್ಲಿಯೂ, ಅನಂತರದ ಎರಡು ವರ್ಷಗಳಲ್ಲಿಯೂ ಊರಿನ ಒಂದು ಕುಟುಂಬದೊಡನೆಯೇ ಇರಬೇಕು.

ನಾವು ಹೇಳಹೊರಟಿರುವುದು ಒಬ್ಬಳ ಕಥೆಯಲ್ಲ. ಅನೇಕರ ಅನುಭವದಿಂದ ಕೂಡಿಸಿದ್ದು. ಇಪ್ಪತ್ತಮೂರರ ಒಬ್ಬ ಯುವತಿಯನ್ನು ಕಲ್ಪಿಸಿಕೊಳ್ಳೋಣ. ವಾಹನದಿಂದ ಇಳಿಯುತ್ತಲೇ ಮನೆಯ ಹಿರಿಯರು ‘ತಾಯಿಸ್’ ಎಂಬ ಕೈಮಗ್ಗದ ವಸ್ತ್ರವನ್ನು ಅವಳ ಕೊರಳಿಗೆ ಹಾಕುತ್ತಾರೆ. ಮನೆಯ ಒಳ್ಳೆಯ ಕೋಣೆ ಅವಳ ಪಾಲಿಗೆ. ಆ ಕೋಣೆಯಲ್ಲಿದ್ದ ಹೆಣ್ಣುಮಕ್ಕಳು ಪಕ್ಕದ ಕೋಣೆಯಲ್ಲಿ ಒತ್ತೊತ್ತಾಗಿ ಮಲಗುತ್ತಾರೆ. ತೊಟ್ಟಿಯ ನೀರನ್ನು ಚೊಂಬಿನಿಂದ ಮೊಗೆದು ಸ್ನಾನ, ಸೊಳ್ಳೆಪರದೆಯೊಳಗೆ ನಿದ್ರೆ, ನಸುಕಿನಲ್ಲಿಯೇ ಕೋಳಿಯ ಕೂಗು. ನಮಗೆ ಇವೆಲ್ಲ ಹೊಸತಲ್ಲ. ಅವಳಿಗೆ ಪ್ರತಿಯೊಂದೂ ಪಾಠ. ಹೊರಗೆ ಕಾಲಿಟ್ಟರೆ ಮಕ್ಕಳು ‘ಮಲಾಯ್, ಮಲಾಯ್’ ಎಂದು ಕೂಗುತ್ತಾರೆ. ಪರದೇಶಿ ಎಂದು ಅದರ ಅರ್ಥ. ಎದುರಾದವರೆಲ್ಲ ‘ಎಲ್ಲಿಗೆ?’ ಎಂದು ವಿಚಾರಿಸುತ್ತಾರೆ. ಮೊದಲ ವಾರಗಳಲ್ಲಿ ಇದು ಅನಗತ್ಯ ಕುತೂಹಲವೆಂದು ಅವಳಿಗೆ ಕಿರಿಕಿರಿ. ಅದು ಉತ್ತರವನ್ನು ನಿರೀಕ್ಷಿಸದ ಕುಶಲೋಪರಿಯೆಂದು ನಮ್ಮ ಹಳ್ಳಿಯ ಯಾರಾದರೂ ಅವಳಿಗೆ ಹೇಳಬಹುದಿತ್ತು.

ನಿಜವಾದ ಪರೀಕ್ಷೆ ಊಟದ ಮೇಜಿನಲ್ಲಿ. ತಿಮೋರಿನ ಮರ್ಯಾದೆಯಂತೆ ಅತಿಥಿಗೆ ಮೊದಲು ಬಡಿಸಬೇಕು. ಮನೆಯ ಹೆಂಗಸರು ಮಕ್ಕಳು ಅನಂತರ ಉಣ್ಣಬೇಕು. ಮುಂದಿನ ಕೋಣೆಯಲ್ಲಿ ಅವಳೊಬ್ಬಳಿಗೇ ಅನ್ನ, ಸೊಪ್ಪು, ಕರಿದ ಮೊಟ್ಟೆ, ಕೆಲವೊಮ್ಮೆ ಕೋಳಿಮಾಂಸ. ಬಾಗಿಲ ಮರೆಯಲ್ಲಿ ಮಕ್ಕಳ ಕಣ್ಣುಗಳು. ಅಲ್ಲಿ ನವೆಂಬರಿನಿಂದ ಫೆಬ್ರವರಿಯವರೆಗೆ ‘ಹಸಿವಿನ ಕಾಲ’ವೆಂದೇ ಹೆಸರು, ಕೂಡಿಟ್ಟ ಜೋಳ ಮುಗಿದಿರುತ್ತದೆ, ಹೊಸ ಬೆಳೆ ಕೈಗೆ ಬಂದಿರುವುದಿಲ್ಲ. 2020ರ ಸಮೀಕ್ಷೆಯೊಂದರ ಪ್ರಕಾರ ಐದು ವರ್ಷದೊಳಗಿನ ಮಕ್ಕಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿರಲಿಲ್ಲ. ಊಟದ ಖರ್ಚಿಗೆಂದು ದಳವು ಕುಟುಂಬಕ್ಕೆ ಒಂದಿಷ್ಟು ಹಣ ಕೊಡುತ್ತದೆಯಾದರೂ ತಟ್ಟೆಯಲ್ಲಿರುವ ಮೊಟ್ಟೆ ಯಾರ ಪಾಲಿನದೆಂದು ತಿಳಿಯದಷ್ಟು ಮುಗ್ಧೆ ಅವಳಲ್ಲ.

ಏನು ಮಾಡಬೇಕು? ತಿಂದರೆ ಮನಸ್ಸಾಕ್ಷಿ ಚುಚ್ಚುತ್ತದೆ. ಬೇಡವೆಂದರೆ ಮನೆಯೊಡತಿಯ ಮುಖ ಬಾಡುತ್ತದೆ. ‘ಅನ್ನ ರುಚಿಸಲಿಲ್ಲವೇ? ನಮ್ಮ ಬಡತನವನ್ನು ಕಂಡು ಹೇಸಿದಳೇ?’ ಎಂದು ಆಕೆ ನೊಂದುಕೊಳ್ಳುತ್ತಾಳೆ. ಬಡವರಿಗೂ ಕೊಡುವ ಗೌರವವೊಂದಿದೆ. ಸಹಾಯ ಮಾಡಲು ಬಂದವಳು ಆ ಗೌರವವನ್ನೇ ಕಸಿದುಕೊಂಡರೆ ಅದೆಂತಹ ಸಹಾಯ?

ಬಹುತೇಕ ಸ್ವಯಂಸೇವಕರು ಇದಕ್ಕೆ ಕಂಡುಕೊಂಡ ಪರಿಹಾರ ಸರಳವಾದದ್ದು. ಮನೆಯ ಹಿಂದೆ ಬಿದಿರಿನ ಗೋಡೆಯ, ಹೊಗೆ ತುಂಬಿದ ಪ್ರತ್ಯೇಕ ಅಡುಗೆ ಗುಡಿಸಲಿರುತ್ತದೆ. ಅಲ್ಲಿಗೆ ಹೋಗಿ ಸೊಪ್ಪು ಸೋಸುವುದು, ಅಕ್ಕಿಯ ಕಲ್ಲು ಆರಿಸುವುದು, ಮಗುವನ್ನು ಎತ್ತಿಕೊಳ್ಳುವುದು. ಮೊದಲು ಮನೆಯವರು ‘ಹೊಗೆ ಬರುತ್ತದೆ, ಒಳಗೆ ಹೋಗು’ ಎಂದು ಅಟ್ಟುತ್ತಾರೆ. ಅವಳು ಮರುದಿನವೂ ಬರುತ್ತಾಳೆ. ಅವಳ ತಪ್ಪು ತೆತುಮ್ ಕೇಳಿ ಎಲ್ಲರೂ ನಗುತ್ತಾರೆ. ನಕ್ಕ ಮೇಲೆ ತಿದ್ದುತ್ತಾರೆ. ಬೇಯಿಸಿದ ಮರಗೆಣಸಿನೊಂದಿಗೆ ಕಾಫಿ ಕೊಡುತ್ತಾರೆ. ಅಲ್ಲಿನ ಕಾಫಿ ನಮಗೂ ಬಂಧುವೇ. ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರದಿಂದ ಬಂದು ನಮ್ಮ ಮಲೆನಾಡಿನ ತೋಟಗಳಲ್ಲಿ ಬೆಳೆಯುತ್ತಿರುವ ‘ಚಂದ್ರಗಿರಿ’ ತಳಿಯ ಮೂಲದಲ್ಲಿ ತಿಮೋರಿನ ಗಿಡವೂ ಒಂದು. ಹೀಗೆ ಒಂದು ದಿನ, ಯಾರೂ ಹೇಳದೆಯೇ, ಅವಳ ತಟ್ಟೆ ಉಳಿದವರ ತಟ್ಟೆಗಳ ಸಾಲಿನಲ್ಲಿ ಬಂದು ಕೂರುತ್ತದೆ. ಮೊಟ್ಟೆ ಒಂದೇ ಇದ್ದರೆ ಅದು ಹೋಳಾಗುತ್ತದೆ. ‘ಮಲಾಯ್’ ಎಂಬ ಕೂಗು ನಿಂತು, ಅಕ್ಕ ಎಂಬ ಅರ್ಥದ ‘ಮನಾ’ ಎಂಬ ಕರೆ ಆರಂಭವಾಗುತ್ತದೆ.

ಅಕ್ಕನಾದವಳಿಗೆ ಮನೆಯ ದುಃಖದಲ್ಲಿಯೂ ಪಾಲು ಉಂಟು. ಅಕ್ಟೋಬರಿನಲ್ಲಿ ಜಪಸರ ಹಿಡಿದು ಕುಟುಂಬದೊಡನೆ ಮಂಡಿಯೂರುತ್ತಾಳೆ. ಅವಳು ಕಥೋಲಿಕಳಲ್ಲದಿದ್ದರೂ ಬದಿಯಲ್ಲಿ ಮೌನವಾಗಿ ಕುಳಿತಿರುತ್ತಾಳೆ. ನವೆಂಬರ್ 2, ಸಕಲ ಆತ್ಮಗಳ ದಿನ, ಅಲ್ಲಿ ರಾಷ್ಟ್ರೀಯ ರಜಾದಿನ. ಹೂವು, ಮೇಣದ ಬತ್ತಿಗಳೊಡನೆ ಇಡೀ ದೇಶವೇ ಸಮಾಧಿಗಳ ಬಳಿಗೆ ಹೋಗುತ್ತದೆ. 1974ರಿಂದ 1999ರವರೆಗಿನ ಸಂಘರ್ಷದಲ್ಲಿ ಸತ್ತವರ ಸಂಖ್ಯೆ ಕನಿಷ್ಠ 1,02,800 ಎಂದು ಆ ದೇಶದ ಸತ್ಯಶೋಧನಾ ಆಯೋಗ ಅಂದಾಜಿಸಿತು. ಹಸಿವೆ, ರೋಗಗಳಿಂದ ಸತ್ತವರೇ ಅವರಲ್ಲಿ ಹೆಚ್ಚು. ‘ಇವನು ನನ್ನ ತಮ್ಮ’ ಎಂದು ಮನೆಯೊಡತಿ ಒಂದು ಸಮಾಧಿಯನ್ನು ತೋರಿಸುವಾಗ, ಅನ್ನದ ತಟ್ಟೆಯನ್ನು ಅಷ್ಟು ಒತ್ತಾಯದಿಂದ ಮುಂದಿಟ್ಟ ಕೈಯ ಹಿಂದಿನ ನೆನಪು ಯಾವುದೆಂದು ಅವಳಿಗೆ ತಿಳಿಯುತ್ತದೆ.

2020ರ ಮಾರ್ಚಿನಲ್ಲಿ ಕೊರೋನಾ ವ್ಯಾಧಿ ಹಬ್ಬಿದಾಗ ಪೀಸ್ ಕೋರ್ ಜಗತ್ತಿನೆಲ್ಲೆಡೆಯಿಂದ ತನ್ನ ಸುಮಾರು 7,000 ಸ್ವಯಂಸೇವಕರನ್ನು ಒಮ್ಮೆಲೇ ಹಿಂದಕ್ಕೆ ಕರೆಸಿಕೊಂಡಿತು. ತಿಮೋರಿನಲ್ಲಿದ್ದವರೂ ಹೊರಡಲೇಬೇಕಾಯಿತು. ಶಾಲೆಯ ಪಾಠ ಅರ್ಧದಲ್ಲಿ ನಿಂತಿತು. ಕೈಗೊಂಡ ಕೆಲಸ ಮುಗಿಯಲಿಲ್ಲ. ಎರಡು ವರ್ಷಗಳ ಬೀಳ್ಕೊಡುಗೆಯನ್ನು ಕೆಲವೇ ದಿನಗಳಲ್ಲಿ, ಕೆಲವೊಮ್ಮೆ ಕೆಲವೇ ಗಂಟೆಗಳಲ್ಲಿ ಮುಗಿಸಬೇಕಾಗಿತ್ತು. ಲೆಕ್ಕಪತ್ರದ ದೃಷ್ಟಿಯಿಂದ ಅದು ಅಪೂರ್ಣ ಸೇವೆ. ಆದರೆ ಬಾಗಿಲಲ್ಲಿ ನಿಂತು ಅತ್ತ ತಾಯಿಗೂ ಮಗಳಿಗೂ ಆ ಲೆಕ್ಕ ಬೇಕಾಗಿರಲಿಲ್ಲ.

ಲೂಕನ ಶುಭಸಂದೇಶದ 10ನೇ ಅಧ್ಯಾಯವನ್ನು ನಾವು ಅನೇಕ ಬಾರಿ ಕೇಳಿದ್ದೇವೆ. ಯೇಸುಸ್ವಾಮಿ ತಮ್ಮ ಶಿಷ್ಯರನ್ನು ಹಣದ ಚೀಲವಿಲ್ಲದೆ ಕಳುಹಿಸಿದರು. ಮನೆಯಿಂದ ಮನೆಗೆ ಅಲೆಯದೆ ಒಂದೇ ಮನೆಯಲ್ಲಿದ್ದು, ಬಡಿಸಿದ್ದನ್ನು ಉಣ್ಣಬೇಕೆಂದು ಆಜ್ಞಾಪಿಸಿದರು. ಕೊಡಲು ಹೊರಟವರನ್ನು ಸ್ವಾಮಿ ಮೊದಲು ಪಡೆಯುವವರನ್ನಾಗಿ ಮಾಡಿದರು. ಪಡೆಯಲು ಕಲಿತವನ ಕೈಯಿಂದ ಮಾತ್ರ ಬಡವನು ಸಂಕೋಚವಿಲ್ಲದೆ ತೆಗೆದುಕೊಳ್ಳಬಲ್ಲನು.

ನಮ್ಮ ಮಕ್ಕಳು ಓದಿಗೆ, ದುಡಿಮೆಗೆ, ಸೇವೆಗೆ ಪರದೇಶಗಳಿಗೆ ಹೋಗುತ್ತಿದ್ದಾರೆ. ಅವರ ಪೆಟ್ಟಿಗೆಯಲ್ಲಿ ಉಪ್ಪಿನಕಾಯಿಯ ಜೊತೆಗೆ ಈ ಬುದ್ಧಿಮಾತನ್ನೂ ಇಟ್ಟು ಕಳುಹಿಸೋಣ. ಹಾಗೆಯೇ, ನಮ್ಮ ಇಗರ್ಜಿಯ ಹಿಂದಿನ ಬೆಂಚಿನಲ್ಲಿ ಕುಳಿತು ಪೂಜೆ ಮುಗಿಯುತ್ತಲೇ ಬಾಡಿಗೆ ಕೋಣೆಗೆ ಮರಳುವ ಪರವೂರಿನ ವಿದ್ಯಾರ್ಥಿಗಳೂ ಕೆಲಸಗಾರರೂ ಇದ್ದಾರೆ. ಬರುವ ಭಾನುವಾರ ಅವರಲ್ಲೊಬ್ಬರನ್ನು ಊಟಕ್ಕೆ ಕರೆಯೋಣ. ಮೊದಲ ದಿನ ಚಾವಡಿಯಲ್ಲಿಯೇ ಬಡಿಸೋಣ. ಅಡುಗೆಮನೆಯ ಬಾಗಿಲು ಮಾತ್ರ ತೆರೆದೇ ಇರಲಿ.