ಚಾರಿತ್ರಿಕ ಪಠ್ಯಗಳಿಂದ ಕಲಿತ ಯಂತ್ರದೊಡನೆ ಸಂವಾದ: ಉತ್ತರವು ಭಾಷಿಕ ಆಧಾರವಾಗಬಲ್ಲುದೆ?

ನಿರ್ದಿಷ್ಟ ಕಾಲಘಟ್ಟದ ಪಠ್ಯಗಳಿಂದಲೇ ತರಬೇತಿ ಪಡೆದ ಭಾಷಾಮಾದರಿಗಳು ಈಗ ರೂಪುಗೊಳ್ಳುತ್ತಿವೆ. 1800–1875ರ ಲಂಡನ್ನಿನ ಬರಹಗಳಿಂದ ಕಲಿತ ‘ಟೈಮ್‌ಕ್ಯಾಪ್ಸೂಲ್ ಎಲ್‌ಎಲ್‌ಎಮ್’ ಇದಕ್ಕೊಂದು ನಿದರ್ಶನ. ಇಂತಹ ಯಂತ್ರದ ಉತ್ತರವನ್ನು ಆ ಕಾಲದ ಭಾಷಿಕನ ನುಡಿಯೆಂದು ಪರಿಗಣಿಸಬಹುದೆ? ಸಲ್ಲದೆಂಬುದು ನಮ್ಮ ವಾದ, ಕಾರಣಗಳು ಎರಡು.

ಮೊದಲನೆಯದು, ಬರಹಕ್ಕೂ ಮಾತಿಗೂ ಇರುವ ಅಂತರ. ಕನ್ನಡವನ್ನೇ ಪರಿಶೀಲಿಸೋಣ. ‘ಪಾಲ್’ ಎಂಬುದು ‘ಹಾಲು’ ಆದ ಪಕಾರ-ಹಕಾರ ಪಲ್ಲಟವು ಬಳಕೆಗೆ ಬಂದ ಬಳಿಕವೂ ಕಾವ್ಯಭಾಷೆ ಪಕಾರವನ್ನು ಉಳಿಸಿಕೊಂಡಿತು. 13ನೆಯ ಶತಮಾನದ ಕೇಶಿರಾಜನು ೞಕಾರವುಳ್ಳ ಪದಗಳನ್ನು ಪಟ್ಟಿಮಾಡಿ ಕಲಿಸಬೇಕಾದುದು, ಆ ಧ್ವನಿಯು ಆಗಲೇ ಮಾತಿನಿಂದ ಮರೆಯಾಗುತ್ತಿತ್ತೆಂಬುದರ ಸೂಚನೆ. ಹಳಗನ್ನಡದ ಪಠ್ಯರಾಶಿಯಿಂದ ಕಲಿಯುವ ಯಂತ್ರಕ್ಕೆ ಹಳೆಯ ರೂಪ, ಹೊಸ ರೂಪಗಳೆರಡೂ ಬರಿಯ ಸಂಖ್ಯಾಭೇದಗಳು. ಯಾವುದು ಜೀವಂತ, ಯಾವುದು ಸಾಂಪ್ರದಾಯಿಕ ಎಂಬುದನ್ನು ಆ ಸಂಖ್ಯೆ ಹೇಳದು.

ಎರಡನೆಯದು, ಸಂವಾದದ ಸ್ವರೂಪ. ಪಠ್ಯರಾಶಿಯಿಂದಷ್ಟೇ ಕಲಿತ ಯಂತ್ರವು ಪಠ್ಯವನ್ನು ಮುಂದುವರಿಸಬಲ್ಲುದು. ಪ್ರಶ್ನೆಗೆ ಉತ್ತರಿಸುವ ಕ್ರಮವನ್ನು ಬೇರೆಯಾಗಿ ಕಲಿಸಬೇಕಾಗುತ್ತದೆ. ಅದಕ್ಕಾಗಿ ಇಂದು ರಚಿಸಿದ ಪ್ರಶ್ನೋತ್ತರಗಳನ್ನು ಬಳಸಿದರೆ, ಇಂದಿನ ಸಂಬೋಧನೆ, ವಿನಯ, ವಾಕ್ಯಸರಣಿಗಳು ಒಳನುಸುಳುತ್ತವೆ.

ಆದುದರಿಂದ ಯಂತ್ರದ ಉತ್ತರವು ಊಹೆಯೇ ಹೊರತು ಪ್ರಯೋಗವಲ್ಲ. ಅದು ಸೂಚಿಸಿದ ರೂಪವು ಕಾಲ ನಿಶ್ಚಿತವಾದ ಶಾಸನದಲ್ಲಿ ದೊರೆತರೆ, ಸಾಕ್ಷ್ಯದ ಬೆಲೆ ಸಲ್ಲುವುದು ಶಾಸನಕ್ಕೆ.