ಕಡಿಯುವ ಸಂಪರ್ಕ, ಹುಡುಕಬೇಕಾದ ಕೊಂಡಿ: ಗಡಿನಾಡಿನ ಕ್ಷೇತ್ರಕಾರ್ಯದಲ್ಲಿ ಡಯಲ್‌-ಅಪ್ ಅಂತರ್ಜಾಲ

ಆದವಾನಿ, ಆಲೂರು, ಚಿಪ್ಪಗಿರಿಗಳ ಕಡೆ ಕನ್ನಡದ ಕ್ಷೇತ್ರಕಾರ್ಯಕ್ಕೆ ಹೋಗುವವರ ಕೈಯಲ್ಲಿ ಧ್ವನಿಮುದ್ರಣ ಯಂತ್ರದ ಜೊತೆಗೆ ಲ್ಯಾಪ್‌ಟಾಪ್ ಕೂಡ ಇರುತ್ತದೆ. ಹಗಲು ಸಂಗ್ರಹಿಸಿದ್ದನ್ನು ಕೇಂದ್ರಕ್ಕೆ ಕಳುಹಿಸುವವರೆಗೆ ಆ ಸಾಮಗ್ರಿಯ ಏಕೈಕ ಪ್ರತಿ ಆ ಯಂತ್ರದಲ್ಲಿಯೇ ಉಳಿದಿರುತ್ತದೆ. ಈ ಪ್ರದೇಶದಲ್ಲಿ ಅದು ಸಣ್ಣ ಅಪಾಯವಲ್ಲ. ಚಿಪ್ಪಗಿರಿ ಹಿಂದೆ ಬಳ್ಳಾರಿ ಜಿಲ್ಲೆಯ ಆಲೂರು ತಾಲೂಕಿನ ಊರು. 1953ರ ಅಕ್ಟೋಬರ್ 1ರಂದು ಆದವಾನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರ ರಾಜ್ಯಕ್ಕೆ ಸೇರಿದವು. ಅದಕ್ಕೂ ಹಿಂದೆ ಅಕ್ಷರ ಕಲಿತ ಹಿರಿಯರ ಮಾತು, 1755ರಲ್ಲಿ ಚಿಪ್ಪಗಿರಿಯಲ್ಲಿಯೇ ದೇಹವಿಟ್ಟ ವಿಜಯದಾಸರ ಕೃತಿಗಳನ್ನು ಬಾಯಿಂದ ಬಾಯಿಗೆ ಉಳಿಸಿಕೊಂಡು ಬಂದವರ ಪಾಠ, ಇವನ್ನು ಎರಡನೆಯ ಬಾರಿ ಮುದ್ರಿಸಿಕೊಳ್ಳುವ ಅವಕಾಶ ಎಲ್ಲರಿಗೂ ದೊರೆಯುವುದಿಲ್ಲ. ಆದ್ದರಿಂದ ಹತ್ತು ನಿಮಿಷಕ್ಕೊಮ್ಮೆ ಕಡಿದುಹೋಗುವ ಡಯಲ್‌-ಅಪ್ ಸಂಪರ್ಕವು ಕೇವಲ ತಂತ್ರಜ್ಞರ ಚಿಂತೆಯಲ್ಲ, ಸಂಶೋಧಕರ ಚಿಂತೆಯೂ ಹೌದು.

‘ಸಂಪರ್ಕ ನಿಲ್ಲುತ್ತಿಲ್ಲ’ ಎಂಬುದು ಒಂದೇ ದೋಷದ ಹೆಸರಲ್ಲ. ಲ್ಯಾಪ್‌ಟಾಪ್, ಅದರೊಳಗಿನ ಮೋಡೆಮ್, ಗೋಡೆಯ ಪೆಟ್ಟಿಗೆ, ಕಂಬದಿಂದ ಬಂದ ತಂತಿ, ದೂರವಾಣಿ ವಿನಿಮಯ ಕೇಂದ್ರ, ಅಂತರ್ಜಾಲ ಸೇವೆ ಒದಗಿಸುವವರ ಗಣಕ, ಹೀಗೆ ಹಲವು ಕೊಂಡಿಗಳ ಸರಪಳಿ ಅದು. ಯಾವ ಕೊಂಡಿ ಕಳಚಿದರೂ ಪರದೆಯ ಮೇಲೆ ಕಾಣುವ ಫಲ ಒಂದೇ. ಒಂದು ಧ್ವನಿವ್ಯತ್ಯಾಸದ ಕಾರಣವನ್ನು ಭಾಷಾವಿಜ್ಞಾನಿಯು ಆ ಧ್ವನಿ ಬರುವ ಪರಿಸರದಲ್ಲಿ ಹುಡುಕುವಂತೆ, ಇಲ್ಲಿಯೂ ಮೊದಲು ಕೇಳಬೇಕಾದ ಪ್ರಶ್ನೆ ಇದು: ಸಂಪರ್ಕ ಯಾವಾಗ, ಯಾವುದರ ಬೆನ್ನಿಗೆ ಕಡಿಯುತ್ತದೆ? ಎರಡು ಮೂರು ದಿನ ಒಂದು ಹಾಳೆಯಲ್ಲಿ ಕೂಡಿದ ವೇಳೆ, ಕಡಿದ ವೇಳೆ, ಪರದೆಯ ಮೇಲೆ ಬಂದ ದೋಷಸಂಖ್ಯೆ, ಯಂತ್ರ ಬ್ಯಾಟರಿಯ ಮೇಲಿತ್ತೋ ವಿದ್ಯುತ್ತಿನ ಮೇಲಿತ್ತೋ ಎಂಬುದನ್ನು ಬರೆದಿಟ್ಟರೆ ಅರ್ಧ ಕೆಲಸ ಮುಗಿದಂತೆ.

ಕಾಲದ ನಿಯಮ

ಪ್ರತಿ ಬಾರಿಯೂ ಸರಿಸುಮಾರು ಅಷ್ಟೇ ನಿಮಿಷಗಳ ನಂತರ, ಅದೂ ಏನನ್ನೂ ಕಳುಹಿಸದೆ ಓದುತ್ತ ಕುಳಿತಾಗ ಕಡಿದರೆ, ತಂತಿಯನ್ನು ಶಂಕಿಸಬೇಕಾಗಿಲ್ಲ. ಎಲ್ಲೋ ಒಂದು ಗಡಿಯಾರ ಸಂಪರ್ಕವನ್ನು ಮುಗಿಸುತ್ತಿದೆ. ವಿಂಡೋಸ್‌ನಲ್ಲಿ ಇಂಥ ಗಡಿಯಾರ ಎರಡು ಕಡೆ ಇರುತ್ತದೆ. ಡಯಲ್‌-ಅಪ್ ಸಂಪರ್ಕದ ಗುಣಲಕ್ಷಣಗಳಲ್ಲಿ ‘ಸುಮ್ಮನಿದ್ದರೆ ಎಷ್ಟು ಹೊತ್ತಿಗೆ ಮುಗಿಸಬೇಕು’ ಎಂಬ ಆಯ್ಕೆ ಒಂದು. ಮೋಡೆಮ್‌ನ ಸ್ವಂತ ಗುಣಲಕ್ಷಣಗಳಲ್ಲಿ ಅದೇ ಅರ್ಥದ ಇನ್ನೊಂದು. ಒಂದನ್ನು ತಿದ್ದಿ ಇನ್ನೊಂದನ್ನು ಬಿಟ್ಟರೆ ಫಲವಿಲ್ಲ. ಎರಡನ್ನೂ ತೆಗೆದ ಮೇಲೂ ಅದೇ ಅವಧಿಗೆ ಕಡಿದರೆ ಮೂರನೆಯ ಗಡಿಯಾರ ಸೇವೆ ಒದಗಿಸುವವರ ಬಳಿ ಇದೆ. ಐದು ನಿಮಿಷಕ್ಕೊಮ್ಮೆ ಅಂಚೆ ನೋಡುವಂತೆ ಇ-ಮೇಲ್ ತಂತ್ರಾಂಶಕ್ಕೆ ಹೇಳಿಟ್ಟರೆ ಸಂಪರ್ಕ ಸುಮ್ಮನಿರುವುದೇ ಇಲ್ಲ. ಆ ಗಡಿಯಾರಕ್ಕೆ ಕೆಲಸವೂ ಇರುವುದಿಲ್ಲ.

ಬ್ಯಾಟರಿಯ ಮೇಲೆ ಮಾತ್ರ ಕಡಿಯುವುದು ಇನ್ನೊಂದು ಬಗೆ. ಲ್ಯಾಪ್‌ಟಾಪ್‌ಗಳ ಒಳ ಮೋಡೆಮ್‌ಗಳಲ್ಲಿ ಬಹುಪಾಲು ತಮ್ಮ ಲೆಕ್ಕವನ್ನು ತಾವೇ ಮಾಡದೆ ಗಣಕದ ಮುಖ್ಯ ಸಂಸ್ಕಾರಕಕ್ಕೆ ಒಪ್ಪಿಸುತ್ತವೆ. ವಿದ್ಯುತ್ ಉಳಿಸಲು ಸಂಸ್ಕಾರಕ ನಿಧಾನಗೊಂಡಾಗ ಮೋಡೆಮ್‌ನ ಲೆಕ್ಕ ಹಿಂದೆ ಬೀಳುತ್ತದೆ. ಡಿವೈಸ್ ಮ್ಯಾನೇಜರ್‌ನಲ್ಲಿ ಮೋಡೆಮ್‌ಗೆ ‘ವಿದ್ಯುತ್ ಉಳಿಸಲು ಈ ಸಾಧನವನ್ನು ಆರಿಸಬಹುದು’ ಎಂಬ ಗುರುತು ಇದ್ದರೆ ಅದನ್ನು ತೆಗೆಯಬೇಕು. ಇದಕ್ಕೆ ತದ್ವಿರುದ್ಧವಾಗಿ ಚಾರ್ಜರ್ ಹಾಕಿದಾಗ ಮಾತ್ರ ಕಡಿದರೆ, ಆ ಮನೆಯ ಪ್ಲಗ್ಗಿಗೆ ಅರ್ಥಿಂಗ್ ಇಲ್ಲದೆ ತಂತಿಯಲ್ಲಿ ಗುಂಯ್‌ಗುಡುವ ಸದ್ದು ಸೇರುತ್ತಿರುವ ಸಾಧ್ಯತೆ ಹೆಚ್ಚು. ಕಳುಹಿಸುವಷ್ಟು ಹೊತ್ತು ಚಾರ್ಜರ್ ಕಳಚಿ ನೋಡಿದರೆ ತಿಳಿಯುತ್ತದೆ.

ಕಿವಿಗೆ ಸರಿ, ಮೋಡೆಮ್‌ಗೆ ತಪ್ಪು

ಕ್ರಮವಿಲ್ಲದೆ, ಮಳೆಯ ದಿನ ಹೆಚ್ಚಾಗಿ, ದೊಡ್ಡ ಕಡತ ಕಳುಹಿಸುವಾಗ ನಡುವೆಯೇ ಕಡಿಯುವುದು ತಂತಿಯ ದೋಷದ ಲಕ್ಷಣ. ಲೈನ್‌ಮನ್ ಬಂದು ಫೋನೆತ್ತಿ ಮಾತಾಡಿ ‘ಲೈನ್ ಚೆನ್ನಾಗಿದೆ’ ಎಂದು ಹೇಳಿ ಹೋಗುವುದು ಇಲ್ಲಿಯೇ. ಅವನ ಮಾತು ಸುಳ್ಳಲ್ಲ. ವಾಕ್ಯವೊಂದರಲ್ಲಿ ಒಂದು ಧ್ವನಿಯನ್ನು ತೆಗೆದು ಅಲ್ಲಿ ಕೆಮ್ಮಿನ ಸದ್ದು ಸೇರಿಸಿದರೂ ಕೇಳುಗರಿಗೆ ಆ ಧ್ವನಿ ಕೇಳಿಸಿದಂತೆಯೇ ಆಗುತ್ತದೆಂದು ರಿಚರ್ಡ್ ವಾರೆನ್ 1970ರಲ್ಲಿ ತೋರಿಸಿಕೊಟ್ಟರು. ಮನುಷ್ಯನ ಕಿವಿ ಸಂದರ್ಭದಿಂದ ತುಂಬಿಕೊಳ್ಳುತ್ತದೆ. ಮೋಡೆಮ್‌ಗೆ ಆ ಸೌಲಭ್ಯವಿಲ್ಲ. ಮಾತಿಗೆಂದೇ ಮೀಸಲಾದ, 300ರಿಂದ 3400 ಹರ್ಟ್ಸ್‌ವರೆಗಿನ ಕಿರಿದಾದ ದಾರಿಯಲ್ಲಿ ಅದು ಸೆಕೆಂಡಿಗೆ ಸಾವಿರಾರು ಬಿಟ್‌ಗಳನ್ನು ತುರುಕುತ್ತದೆ. ಕೆಟ್ಟುಹೋದ ತುಣುಕನ್ನು ಮತ್ತೆ ಕೇಳಿ ಪಡೆಯುವ ವ್ಯವಸ್ಥೆ ಅದಕ್ಕಿದ್ದರೂ ಎದುರು ಕಡೆಯ ವಾಹಕ ಅಲೆಯೇ ಸ್ವಲ್ಪ ಹೊತ್ತು ಕೇಳಿಸದಿದ್ದರೆ ಕರೆ ಮುಗಿಯಿತೆಂದು ತಿಳಿದು ಕೈಬಿಡುತ್ತದೆ.

ಪರೀಕ್ಷೆ ಸುಲಭ. ಫೋನೆತ್ತಿ ಒಂದು ಅಂಕಿ ಒತ್ತಿದರೆ ಡಯಲ್ ಟೋನ್ ನಿಲ್ಲುತ್ತದೆ. ಆ ಮೌನದಲ್ಲಿ ಚರಚರ, ಗುಂಯ್ ಎಂಬ ಸದ್ದು ಕೇಳಿದರೆ ದೋಷ ತಂತಿಯಲ್ಲಿದೆ. ಬಳಿಕ ಮನೆಯ ಪ್ಯಾರಲಲ್ ಫೋನ್‌ಗಳನ್ನೆಲ್ಲ ಕಳಚಿ, ತಂತಿ ಮನೆಯೊಳಗೆ ಬರುವ ಮೊದಲ ಪೆಟ್ಟಿಗೆಗೇ ಲ್ಯಾಪ್‌ಟಾಪ್ ಜೋಡಿಸಬೇಕು. ಅಲ್ಲಿ ಸಂಪರ್ಕ ನಿಂತರೆ ದೋಷ ಮನೆಯೊಳಗಿನ ತಂತಿಯಲ್ಲಿ. ಅಲ್ಲಿಯೂ ಕಡಿದರೆ ಹೊರಗೆ, ಕಂಬದ ಜಾಯಿಂಟಿನಲ್ಲೋ ನೀರು ಕುಡಿದ ಕೇಬಲ್ಲಿನಲ್ಲೋ. ದೂರು ಕೊಡುವಾಗ ‘ಇಂಟರ್‌ನೆಟ್ ಬರುತ್ತಿಲ್ಲ’ ಎನ್ನುವುದಕ್ಕಿಂತ ‘ಲೈನಿನಲ್ಲಿ ಸದ್ದಿದೆ, ಜಾಯಿಂಟ್ ನೋಡಿ’ ಎಂದರೆ ಕೆಲಸ ಬೇಗ ಆಗುತ್ತದೆ. ಹೊರಗಿನಿಂದ ಕರೆ ಬಂದ ಕ್ಷಣಕ್ಕೇ ಕಡಿದರೆ ಕಾಲ್ ವೇಟಿಂಗ್ ಸೌಲಭ್ಯದ ಸದ್ದೇ ಕಾರಣ. ಅದನ್ನು ತೆಗೆಸಿದರೆ ಸಾಕು. ತಂತಿಯಿಲ್ಲದೆ ರೇಡಿಯೋ ಮೂಲಕ ಹಳ್ಳಿಗೆ ಬಂದ ಹಳೆಯ ಎಂಎಆರ್‌ಆರ್ ದೂರವಾಣಿಗಳು ಮಾತಿಗಾಗಿ ರೂಪಿಸಿದವು. ಅಲ್ಲಿ ಮೋಡೆಮ್‌ನೊಡನೆ ಹೆಣಗುವುದು ವ್ಯರ್ಥವಾಗಿತ್ತು.

ತಂತಿ ತಕ್ಷಣ ಸರಿಹೋಗದಿದ್ದರೆ ಮೋಡೆಮ್‌ಗೆ ತಾಳ್ಮೆ ಕಲಿಸಬಹುದು. ಅದರ ಗುಣಲಕ್ಷಣಗಳಲ್ಲಿ ಹೆಚ್ಚುವರಿ ಆರಂಭ ಆದೇಶಗಳಿಗೆ ಒಂದು ಜಾಗವಿದೆ. ಅಲ್ಲಿ ರೋಮನ್ ಅಕ್ಷರದಲ್ಲಿ ‘ಎಸ್10=50’ ಎಂದು ಬರೆದರೆ, ವಾಹಕ ಅಲೆ ಮಾಯವಾದ ಮೇಲೆ ಮೋಡೆಮ್ 5 ಸೆಕೆಂಡು ಕಾಯುತ್ತದೆ; ಅನೇಕ ಮೋಡೆಮ್‌ಗಳ ಮೂಲ ಮಿತಿ 1.4 ಸೆಕೆಂಡು ಮಾತ್ರ. ‘+ಎಂಎಸ್=ವಿ34’ ಎಂಬ ಆದೇಶ, ಅದನ್ನು ಒಪ್ಪುವ ಮೋಡೆಮ್‌ಗಳಲ್ಲಿ, ವೇಗವನ್ನು 56 ಕಿಲೋಬಿಟ್‌ನ ಆಸೆಯಿಂದ ಇಳಿಸಿ 33.6ರೊಳಗೆ ನಿಲ್ಲಿಸುತ್ತದೆ. ನಿಧಾನವಾದರೂ ಕಡಿಯದ ಸಂಪರ್ಕವೇ ಕೊನೆಗೆ ಬೇಗ ಮುಗಿಸುತ್ತದೆ.

ದೋಷಸಂಖ್ಯೆಗಳನ್ನೂ ಓದಬೇಕು. 680 ಎಂದರೆ ಡಯಲ್ ಟೋನ್ ಇಲ್ಲ, 678 ಎಂದರೆ ಎದುರಿನ ಗಣಕ ಉತ್ತರಿಸಲಿಲ್ಲ, 691 ಎಂದರೆ ಹೆಸರು ಅಥವಾ ಗುಪ್ತಪದ ಒಪ್ಪಿಗೆಯಾಗಲಿಲ್ಲ, 692 ಎಂದರೆ ಮೋಡೆಮ್‌ನದೇ ತೊಂದರೆ. ಇವು ಸರಪಳಿಯ ಬೇರೆ ಬೇರೆ ಕೊಂಡಿಗಳನ್ನು ಬೆರಳಿಟ್ಟು ತೋರಿಸುತ್ತವೆ.

ಗಡಿಯೂ ಒಂದು ಕೊಂಡಿ

ಮೊಬೈಲ್ ಫೋನನ್ನೋ ಡಾಟಾ ಕಾರ್ಡನ್ನೋ ಲ್ಯಾಪ್‌ಟಾಪ್‌ಗೆ ಜೋಡಿಸಿ *99# ಎಂದು ಡಯಲ್ ಮಾಡುವುದೂ ಗಣಕದ ದೃಷ್ಟಿಯಲ್ಲಿ ಡಯಲ್‌-ಅಪ್ ಸಂಪರ್ಕವೇ. ತಂತಿಯ ತೊಂದರೆ ಇಲ್ಲಿಲ್ಲ. ಆದರೆ ಗಡಿನಾಡಿಗೇ ವಿಶಿಷ್ಟವಾದ ಇನ್ನೊಂದು ತೊಂದರೆ ಇದೆ. ಭಾರತದಲ್ಲಿ ಮೊಬೈಲ್ ಸೇವೆ ವೃತ್ತಗಳಾಗಿ ಹಂಚಿಹೋಗಿದೆ. ಇಲ್ಲಿ ಆ ವೃತ್ತಗಳ ಎಲ್ಲೆ ರಾಜ್ಯದ ಎಲ್ಲೆಯೇ. ಒಂದೇ ಸಂಸ್ಥೆಯ ಜಾಲವಾದರೂ ಪ್ರತಿ ವೃತ್ತದಲ್ಲಿ ಅದಕ್ಕೆ ಬೇರೆ ಗುರುತು. ಬಿಎಸ್‌ಎನ್‌ಎಲ್‌ನ ಕರ್ನಾಟಕ ಜಾಲದ ಗುರುತು 404-71, ಆಂಧ್ರ ಜಾಲದ್ದು 404-73. ಬಳ್ಳಾರಿಯಲ್ಲಿ ಕೊಂಡ ಸಿಮ್ ಚಿಪ್ಪಗಿರಿಯಲ್ಲಿ ಅತಿಥಿ. ಅಲ್ಲಿ ಅದು ಆಂಧ್ರದ ಗೋಪುರವನ್ನೇ ಹಿಡಿದು ನಿಲ್ಲುತ್ತದೆ. ಪಶ್ಚಿಮಕ್ಕೆ ಹಾಲಹರ್ವಿ, ಹೊಳಗುಂದಗಳ ಎಲ್ಲೆಯ ಊರುಗಳಿಗೆ ಸರಿದಂತೆ ಎರಡೂ ಕಡೆಯ ಗೋಪುರಗಳು ಕಾಣತೊಡಗುತ್ತವೆ. ಸಿಮ್ ತನ್ನ ತವರು ಜಾಲ ಸಿಕ್ಕಾಗ ಅತ್ತ ವಾಲುತ್ತದೆ, ಅದು ಕ್ಷೀಣಿಸಿದಾಗ ಇತ್ತ ಮರಳುತ್ತದೆ. ಹೀಗೆ ಜಾಲ ಬದಲಾದಾಗ ಹೊಸದಾಗಿ ನೋಂದಣಿಯಾಗಬೇಕು. ಹಳೆಯ ಅಂತರ್ಜಾಲ ವಿಳಾಸ ಕೈತಪ್ಪುತ್ತದೆ, ಡಯಲ್‌-ಅಪ್ ಕಡಿಯುತ್ತದೆ. ಲ್ಯಾಪ್‌ಟಾಪ್ ಮೇಜಿನಿಂದ ಕದಲದಿದ್ದರೂ ಹೀಗಾಗಬಹುದು. ಫೋನಿನ ಪರದೆಯಲ್ಲಿ ಜಾಲದ ಹೆಸರು ಬದಲಾಗುತ್ತಿದೆಯೇ ಎಂದು ಗಮನಿಸುವುದೇ ಇದರ ಪರೀಕ್ಷೆ. ಜಾಲದ ಆಯ್ಕೆಯನ್ನು ಸ್ವಯಂಚಾಲಿತದಿಂದ ಮ್ಯಾನ್ಯುಯಲ್‌ಗೆ ತಂದು ಒಂದೇ ಜಾಲವನ್ನು ಹಿಡಿಸುವುದು, ಸಾಧ್ಯವಾದರೆ ಕೆಲಸ ಮಾಡುವ ವೃತ್ತದ ಸಿಮ್ಮನ್ನೇ ಬಳಸುವುದು ಇದರ ಪರಿಹಾರ.

ಏನನ್ನು ಕಳುಹಿಸಬೇಕು

ಎಲ್ಲ ಕೊಂಡಿಗಳೂ ಸರಿಯಾದ ಮೇಲೂ ದಾರಿ ಕಿರಿದೇ. 33.6 ಕಿಲೋಬಿಟ್ ಎಂದರೆ ಸೆಕೆಂಡಿಗೆ ಸುಮಾರು 4 ಕಿಲೋಬೈಟ್. ಯೂನಿಕೋಡ್‌ನ ಯುಟಿಎಫ್-8 ರೂಪದಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟ್ ಬೇಕು. ಹಾಗಿದ್ದರೂ ಸಾವಿರ ಪದಗಳ ಲಿಪ್ಯಂತರ ಸುಮಾರು 25 ಕಿಲೋಬೈಟ್, ಕಳುಹಿಸಲು ಆರೇಳು ಸೆಕೆಂಡು. ಆದರೆ 44.1 ಕಿಲೋಹರ್ಟ್ಸ್, 16 ಬಿಟ್‌ನ ಒಂಟಿ ವಾಹಿನಿಯ ಒಂದು ನಿಮಿಷದ ಮುದ್ರಣ 5 ಮೆಗಾಬೈಟ್ ಮೀರುತ್ತದೆ. ಅದಕ್ಕೆ 21 ನಿಮಿಷ. ಅರ್ಧ ಗಂಟೆಯ ಸಂದರ್ಶನಕ್ಕೆ ಹತ್ತು ಗಂಟೆ ಮೀರುತ್ತದೆ. ಇ-ಮೇಲ್‌ಗೆ ಲಗತ್ತಿಸಿದ ಕಡತ ನಡುವೆ ಕಡಿದರೆ ಮೊದಲಿನಿಂದ ಆರಂಭ. ಆದ್ದರಿಂದ ಲಿಪ್ಯಂತರ, ಮಾತುಗಾರರ ವಿವರ, ಮುದ್ರಣಗಳ ಪಟ್ಟಿ ಇವನ್ನು ಅಂದೇ ರಾತ್ರಿ ಕಳುಹಿಸಬೇಕು. ಧ್ವನಿಯ ತುಣುಕು ಬೇಕೇ ಬೇಕಾದರೆ ಚಿಕ್ಕ ಭಾಗಗಳಾಗಿ ಒಡೆದು, ನಿಂತಲ್ಲಿಂದ ಮುಂದುವರಿಸುವ ಎಫ್‌ಟಿಪಿ ತಂತ್ರಾಂಶದಿಂದ ಕಳುಹಿಸಬೇಕು. ಪೂರ್ಣ ಮುದ್ರಣವನ್ನು ಎರಡು ಸಿಡಿಗಳಿಗೆ ಬರೆದು ಒಂದನ್ನು ಅಂಚೆಗೆ ಹಾಕಿ, ಇನ್ನೊಂದನ್ನು ಲ್ಯಾಪ್‌ಟಾಪಿನ ಚೀಲದಲ್ಲಲ್ಲದೆ ಬೇರೆಡೆ ಇಡಬೇಕು. ಒಂದು ಸಿಡಿಯ 700 ಮೆಗಾಬೈಟ್ ಈ ತಂತಿಯಲ್ಲಿ ಹೋಗಲು ಒಮ್ಮೆಯೂ ಕಡಿಯದಿದ್ದರೂ 46 ಗಂಟೆ ಬೇಕು. ಅಂಚೆಯವನು ಅದಕ್ಕಿಂತ ತುಂಬ ತಡಮಾಡುವುದಿಲ್ಲ. ಹೊರಟ ಲಕೋಟೆ ನಡುದಾರಿಯಿಂದ ಮತ್ತೆ ಮೊದಲಿಗೆ ಮರಳುವುದೂ ಇಲ್ಲ.