ಬೆಳಕಿಗೆ ಅಂಜುವ ಕಣ್ಣು, ಓದಿಗೆ ಅಂಜುವ ಮಗು

ಅಡಿಕೆ ತೋಟದ ನೆರಳಿನಿಂದ ಹೊರಟ, ಪುತ್ತೂರು ಬಳಿಯ ಕಬಕದ ಮಕ್ಕಳು ಬಿಸಿಲು ರಾಚುವ ಶಾಲೆಯಂಗಳಕ್ಕೆ ಬಂದಾಗ ಎಲ್ಲರ ಕಣ್ಣೂ ಅರೆಗಳಿಗೆ ಕೋರೈಸುತ್ತದೆ, ಮತ್ತೆ ಸರಿಹೋಗುತ್ತದೆ. ಒಬ್ಬಿಬ್ಬರಿಗೆ ಮಾತ್ರ ಸರಿಹೋಗುವುದೇ ಇಲ್ಲ. ತರಗತಿಯೊಳಗೂ ಅವರು ಹುಬ್ಬಿಗೆ ಅಂಗೈ ಅಡ್ಡ ಹಿಡಿದು, ಪುಸ್ತಕವನ್ನು ಮೂಗಿನ ಹತ್ತಿರ ತಂದು, ಕತ್ತು ಓರೆ ಮಾಡಿ ಓದುತ್ತಾರೆ. ‘ನೇರ ಕೂತ್ಕೋ’ ಎಂಬ ಗದರಿಕೆ ಬೀಳುವುದು ಆಗಲೇ.

ಆ ಓರೆ ಕತ್ತಿಗೆ ಕಾರಣವಿದೆ. ಆಲ್ಬಿನಿಸಂ ಇರುವ ಮಕ್ಕಳಲ್ಲಿ ಚರ್ಮ, ಕೂದಲು, ಕಣ್ಣಿಗೆ ಬಣ್ಣ ಕೊಡುವ ಮೆಲನಿನ್ ಹುಟ್ಟಿನಿಂದಲೇ ಕಡಿಮೆ. ಪಾಪೆಯ ಸುತ್ತಲಿನ ಪೊರೆಯೇ ಬೆಳಕನ್ನು ತಡೆಯದೆ ಒಳಗೆ ಬಿಡುತ್ತದೆ. ಅಕ್ಷಿಪಟಲದ ನಡುಭಾಗ ಪೂರ್ತಿ ಬೆಳೆದಿರುವುದಿಲ್ಲ, ಕಣ್ಣುಗುಡ್ಡೆಗಳು ತಾವಾಗಿಯೇ ಅತ್ತಿತ್ತ ಅಲುಗುತ್ತಿರುತ್ತವೆ. ಕತ್ತು ಒಂದು ಬದಿಗೆ ವಾಲಿಸಿದರೆ ಹಲವರಿಗೆ ಆ ಅಲುಗಾಟ ಕಡಿಮೆಯಾಗಿ ಅಕ್ಷರ ಹಿಡಿತಕ್ಕೆ ಸಿಗುತ್ತದೆ. ನೇರ ಕೂರಿಸಿದರೆ ಅದೂ ತಪ್ಪುತ್ತದೆ.

<b>ಕಾರಣ ಒಂದೇ ಅಲ್ಲ</b>

ಬೇಸಗೆಯಲ್ಲಿ ತುರಿಕೆ, ಕೆಂಪು, ನೂಲಿನಂಥ ಗೀಜಿನೊಂದಿಗೆ ಬೆಳಕು ಚುಚ್ಚಿದರೆ ಅದು ಅಲರ್ಜಿಯಾಗಿರಬಹುದು; ಗಂಡುಮಕ್ಕಳಲ್ಲಿ ಇದು ಹೆಚ್ಚು. ಮೆಡಿಕಲ್‌ನಿಂದ ಕೇಳಿ ತಂದ ಸ್ಟಿರಾಯ್ಡ್ ಹನಿ ಬೇಗ ಆರಾಮ ಕೊಡುತ್ತದೆ ನಿಜ. ವೈದ್ಯರನ್ನು ಕೇಳದೆ ಅದನ್ನೇ ತಿಂಗಳುಗಟ್ಟಲೆ ಬಿಟ್ಟರೆ ಕಣ್ಣಿನ ಒತ್ತಡ ಏರಿ ಗ್ಲಾಕೋಮಾ ಬರಬಹುದು, ಪೊರೆ ಬೆಳೆಯಬಹುದು. ಬಿಸಿಲಿಗೆ ಒಂದೇ ಕಣ್ಣು ಮುಚ್ಚುವ ಮಗುವಿಗೆ ಆಗೀಗ ಕಾಣಿಸಿಕೊಳ್ಳುವ ಮೆಳ್ಳೆಗಣ್ಣಿರಬಹುದು. ಕೂಸಿನ ಕಣ್ಣು ದೊಡ್ಡದಾಗಿದ್ದು, ನೀರು ಸುರಿಸುತ್ತಾ ಬೆಳಕಿಗೆ ಮುಖ ತಿರುಗಿಸಿದರೆ ಒಂದು ದಿನವೂ ತಡಮಾಡಬಾರದು. ಹುಟ್ಟು ಗ್ಲಾಕೋಮಾದ ಲಕ್ಷಣ ಹಾಗೆಯೇ ಇರುತ್ತದೆ.

ಓದು ಬಾರದ ಮಗುವಿಗೆ ಬಣ್ಣದ ಗಾಜು ಹಾಕಿಸಿದರೆ ಸಾಕು ಎಂಬ ಪ್ರಚಾರವೂ ಇದೆ. ಓದಿನ ತೊಡಕಿಗೆ ಅದು ಮದ್ದೆನ್ನಲು ಆಧಾರವಿಲ್ಲವೆಂದು ಅಮೆರಿಕದ ಮಕ್ಕಳ ವೈದ್ಯರೂ ನೇತ್ರತಜ್ಞರೂ 2009ರಲ್ಲಿ ಜಂಟಿಯಾಗಿ ಹೇಳಿದ್ದಾರೆ. ಆಲ್ಬಿನಿಸಂನಂಥ ಸ್ಥಿತಿಯಲ್ಲಿ ಬೆಳಕಿನ ಚುಚ್ಚು ತಗ್ಗಿಸಲು ವೈದ್ಯರು ಬರೆದುಕೊಡುವ ಕಪ್ಪು ಕನ್ನಡಕದ ಮಾತು ಬೇರೆ. ಮೊದಲು ಕಣ್ಣಿನ ಪರೀಕ್ಷೆಯಾಗಲಿ, ಆಮೇಲೆ ಕನ್ನಡಕ.

<b>ಖರ್ಚಿಲ್ಲದ ಮದ್ದು</b>

ಶಾಲೆಯಲ್ಲಿ ಆಗಬೇಕಾದ್ದಕ್ಕೆ ದುಡ್ಡು ಬೇಡ. ಕಿಟಕಿ, ಬಾಗಿಲು ಬೆನ್ನಿಗಿರುವಂತೆ ಮುಂದಿನ ಬೆಂಚಿನಲ್ಲಿ ಜಾಗ. ತರಗತಿಯಲ್ಲೂ ಅಂಚಿರುವ ಟೊಪ್ಪಿಗೆ ಅನುಮತಿ. ಹೊಳೆಯುವ ಹಾಳೆಯ ಬದಲು ಮಾಸಲು ಕಾಗದ, ದಪ್ಪ ಕಪ್ಪು ಪೆನ್ನು. ಬೋರ್ಡಿನಲ್ಲಿ ಬರೆದದ್ದನ್ನು ಬಾಯಲ್ಲೂ ಹೇಳುವ ಟೀಚರ್.

ಕನ್ನಡಕ ಹಾಕಿದ ಮೇಲೂ ಉತ್ತಮ ಕಣ್ಣಿನ ದೃಷ್ಟಿ 6/18ಕ್ಕಿಂತ ಮೇಲೇರದಿದ್ದರೆ ಅಂಗವಿಕಲರ ಹಕ್ಕುಗಳ ಕಾಯ್ದೆ, 2016 ಅದನ್ನು ಮಂದದೃಷ್ಟಿ ಎನ್ನುತ್ತದೆ. ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಬರೆಯಲು ಸಹಾಯಕ ಇಂಥ ಸೌಲಭ್ಯಗಳಿಗೆ ಈ ಕಾಯ್ದೆಯ ಬಲವಿದೆ. ಎಸ್ಸೆಸ್ಸೆಲ್ಸಿ ಹತ್ತಿರ ಬಂದಾಗ ಓಡಾಡುವ ಬದಲು ಕೆಳಗಿನ ತರಗತಿಯಲ್ಲೇ ಅಂಗವಿಕಲತೆಯ ಪ್ರಮಾಣಪತ್ರ ಮಾಡಿಸಿಟ್ಟುಕೊಳ್ಳುವುದು ಜಾಣತನ. ದಾರಿ ತೋರಿಸಲು ಪುತ್ತೂರಿನ ಕ್ಷೇತ್ರ ಸಂಪನ್ಮೂಲ ಕೇಂದ್ರವಿದೆ.

ವಿಶ್ವಸಂಸ್ಥೆಯ ಆಲ್ಬಿನಿಸಂ ಜಾಗೃತಿ ದಿನ ಜೂನ್ 13, ನಮ್ಮಲ್ಲಿ ಶಾಲೆ ಶುರುವಾಗುವ ಹೊತ್ತು. ಮೋಡ ಕವಿದ ಆ ದಿನಗಳಲ್ಲಿ ಈ ಮಕ್ಕಳ ಕಷ್ಟ ಹೊಸ ಟೀಚರಿಗೆ ಗೊತ್ತೇ ಆಗದಿರಬಹುದು. ಮಳೆ ಬಿಟ್ಟು ಬಿಸಿಲು ಬಂದ ಮೇಲೆ ‘ಇದ್ದಕ್ಕಿದ್ದಂತೆ ಸೋಮಾರಿಯಾದ’ ಎಂಬ ದೂರು ಬರುತ್ತದೆ. ಹಾಗಾಗದಿರಲು ಹಿಂದಿನ ವರ್ಷದ ಟೀಚರ್ ಮೊದಲ ವಾರವೇ ಒಂದು ಮಾತು ತಿಳಿಸಲಿ: ಈ ಮಗು ಎಲ್ಲಿ ಕೂತರೆ ಓದುತ್ತದೆ ಎಂಬುದನ್ನು.